ಅಂಗಳದಲ್ಲಿ ನಿಂತ ಎರಡು ಸಾಲು

ನಮ್ಮ ಸುದ್ದಿತಾಣದ ಮುಖಪುಟ ತೆರೆದರೆ ಒಂದೊಂದು ತಲೆಬರಹದ ಕೆಳಗೂ ಎರಡೆರಡು ಸಾಲು ಕಾಣುತ್ತವೆ. ಎರಡನೆಯ ಸಾಲು ಎಲ್ಲೋ ನಡುವೆ ತುಂಡಾಗಿ ಮೂರು ಚುಕ್ಕಿಯಲ್ಲಿ ನಿಂತಿರುತ್ತದೆ. ಈಗ ಅದನ್ನು ಯಾರೂ ಬರೆಯುವುದಿಲ್ಲ. ಸುದ್ದಿಯ ಒಳಗಿನಿಂದ ಯಂತ್ರವೇ ಒಂದಿಷ್ಟು ಕತ್ತರಿಸಿ ತಂದು ಹೊರಗೆ ಇಡುತ್ತದೆ. ಮೊನ್ನೆ ‘ಹಿರಿಯ ಕೃಷಿಕ ನಿಧನ’ ಎಂಬ ತಲೆಬರಹದ ಕೆಳಗೆ ‘ಸದಾ ಹಸನ್ಮುಖಿಯಾಗಿದ್ದು ಎಲ್ಲರೊಡನೆ ಬೆರೆಯುವ ಸ್ವಭಾವದವರಾಗಿ ಪರಿಸರದಲ್ಲಿ ಚಿರಪರಿಚಿತರಾಗಿದ್ದ...’ ಎಂದು ಬಂದು ನಿಂತಿತ್ತು. ಯಾರು, ಯಾವ ಊರು, ಯಾವ ಮನೆ, ಒಂದೂ ಇಲ್ಲ. ಚಿರಪರಿಚಿತರಂತೆ! ಓದಿ ನಗು ಬಂತು. ಆಮೇಲೆ ಅಕ್ಕನ ನೆನಪಾಯಿತು, ನಗು ಅಲ್ಲಿಗೇ ನಿಂತಿತು.

ಅಕ್ಕ ಅಂದರೆ ನಮ್ಮ ಕಚೇರಿಯ ಅಕ್ಕ. ಹೆಸರು ಬರೆಯುವುದಿಲ್ಲ. ಬರೆದರೆ ತೆಕ್ಕಟ್ಟೆಯಿಂದ ಫೋನ್ ಬರುತ್ತದೆ, ಬೈಗುಳ ತಿನ್ನಬೇಕಾದವನು ನಾನು. ಈ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರು ಕೆಲಸ ಬಿಟ್ಟರು. ವಿದಾಯಕ್ಕೆ ಶಾಲು, ಹಣ್ಣಿನ ಬುಟ್ಟಿ ಎಂದು ನಾವು ಏನೋ ಯೋಚನೆ ಮಾಡಿದ್ದೆವು. ‘ನಾನೆಂತ ಸತ್ತಿದ್ನಾ ಹೂ ಹಾಕುಕೆ?’ ಎಂದು ಕೇಳಿ ಅದನ್ನೂ ತಪ್ಪಿಸಿದರು.

ಕುಂದಾಪುರದಲ್ಲಿ ಶಾಸ್ತ್ರಿ ಸರ್ಕಲ್‌ನಿಂದ ತುಸು ಒಳಗೆ, ಕೆಳಗೆ ಚೀಲದ ಅಂಗಡಿ, ಮೇಲೆ ನಮ್ಮ ಎರಡು ಕೋಣೆಯ ಕಚೇರಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರು ತಾಲೂಕಿನ ಸುದ್ದಿ ಅಲ್ಲಿಂದ ಹೊರಡುತ್ತದೆ. ಓದುವವರಲ್ಲಿ ಊರಲ್ಲಿರುವವರು ಕಡಿಮೆ, ಊರು ಬಿಟ್ಟವರು ಹೆಚ್ಚು. ಮುಂಬಯಿ, ಪುಣೆ, ಬೆಂಗಳೂರಿನ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಗಿರಾಕಿಗೆ ಚಿಲ್ಲರೆ ಕೊಡುವ ನಡುವೆ ಫೋನಿನಲ್ಲಿ ಮೇಲಿಂದ ಕೆಳಗೆ ಬೆರಳು ಎಳೆಯುವವರು. ಅವರಲ್ಲಿ ಮುಕ್ಕಾಲು ಪಾಲು ಸುದ್ದಿಯ ಒಳಗೆ ಬರುವುದೇ ಇಲ್ಲ. ತಲೆಬರಹ, ಅದರ ಕೆಳಗಿನ ಎರಡು ಸಾಲು, ಅಷ್ಟು ನೋಡಿ ಮುಂದೆ ಹೋಗುತ್ತಾರೆ. ಆ ಎರಡು ಸಾಲು ಬರೆಯುವುದೇ ಅಕ್ಕನ ಕೆಲಸವಾಗಿತ್ತು.

ಅದಕ್ಕೂ ಮೊದಲು ಅವರು ಒಂದು ಮುದ್ರಣಾಲಯದಲ್ಲಿ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ ಟೈಪ್ ಮಾಡುತ್ತಿದ್ದವರು. ಮುದ್ರಣಾಲಯ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಮದುವೆ ಆಗಿರಲಿಲ್ಲ. ತೆಕ್ಕಟ್ಟೆಯ ಮನೆಯಲ್ಲಿ ತಾಯಿ ಮತ್ತು ಅವರು, ಇಬ್ಬರೇ. ಬೆಳಿಗ್ಗೆ ಬಸ್ಸಿಳಿದು ಬಂದರೆ ಚಪ್ಪಲಿ ಬಾಗಿಲ ಹೊರಗೆ, ಊಟದ ಡಬ್ಬಿ ಕಿಟಕಿಯ ದಂಡೆಯ ಮೇಲೆ, ಕನ್ನಡಕ ಮೂಗಿನ ತುದಿಗೆ. ಬಂದ ವರದಿಗಳನ್ನು ಬಾಲದಿಂದ ಓದಲು ಸುರು ಮಾಡುವರು. ಕಾರಣವೂ ಇತ್ತು. ನಮ್ಮ ವರದಿಗಾರರು ‘ಪಶ್ಚಿಮ ಘಟ್ಟದ ತಪ್ಪಲಿನ ಹಚ್ಚ ಹಸುರಿನ ಮಡಿಲಲ್ಲಿ ಕಂಗೊಳಿಸುವ’ ಎಂದು ಹೊರಟು, ಅಮಾಸೆಬೈಲಿಗೆ ಹೋಗುವ ಸಂಜೆಯ ಬಸ್ಸು ನಿಂತಿದೆ ಎಂಬುದನ್ನು ಕಟ್ಟಕಡೆಗೆ ಹೇಳುವವರು. ಅಕ್ಕ ಬರೆದದ್ದು ಇಷ್ಟೇ: ‘ಅಮಾಸೆಬೈಲಿನ ಸಂಜೆ ಬಸ್ಸು ನಿಂತಿದೆ. ಯಾಕೆಂದು ಕೇಳಿದರೆ ಯಾರೂ ಹೇಳುವುದಿಲ್ಲ.’

ಅವರು ಬರೆದದ್ದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಯಕ್ಷಗಾನದ ವಿಮರ್ಶೆಯೊಂದನ್ನು ನಾನು ಬೆವರು ಸುರಿಸಿ ಬರೆದುಕೊಟ್ಟಿದ್ದೆ. ಅದರ ಕೆಳಗೆ ‘ಆಟ ಚೆನ್ನಾಗಿತ್ತು. ಬೆಳಗಿನ ತನಕ ಜನ ಇದ್ದರು’ ಎಂದು ಹಾಕಿ ನನ್ನ ಮರ್ಯಾದೆ ತೆಗೆದರು. ನಮ್ಮ ಮಾಲೀಕರಿಗೆ ಇನ್ನೊಂದು ಸಂಕಟ. ಎಲ್ಲವನ್ನೂ ಹೊರಗೇ ಹೇಳಿಬಿಟ್ಟರೆ ಒಳಗೆ ಯಾರು ಬರುತ್ತಾರೆ, ಒಳಗೆ ಬರದಿದ್ದರೆ ಜಾಹೀರಾತು ಯಾರು ನೋಡುತ್ತಾರೆ? ‘ಸ್ವಲ್ಪ ಕುತೂಹಲ ಉಳಿಸಿ, ಮುಂದೇನಾಯಿತು ಅಂತ ಬಿಡಿ’ ಎಂದು ಒಮ್ಮೆ ಅಕ್ಕನಿಗೆ ಹೇಳಿದರು. ಅಕ್ಕ ಕನ್ನಡಕದ ಮೇಲಿಂದ ಅವರನ್ನು ನೋಡಿದರು.

‘ಹ್ವಾಯ್, ಸಾವಿನ ಸುದ್ದಿಗೂ ಮುಂದೆ ಎಂತ ಆಯ್ತ್ ಅಂದೇಳಿ ಬಿಡ್ಕಾ?’

ಮಾಲೀಕರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಸಾವಿನ ಸುದ್ದಿಯಲ್ಲಿ ಅಕ್ಕನ ಹಟ ಬೇರೆಯೇ. ಮೊದಲ ಸಾಲಿನಲ್ಲಿ ಊರು, ಮನೆ, ಹೆಸರು. ಎರಡನೆಯ ಸಾಲಿನಲ್ಲಿ ಯಾರನ್ನು ಅಗಲಿದ್ದಾರೆ. ಸನ್ಮಾನ, ಪ್ರಶಸ್ತಿ, ಹಸನ್ಮುಖ ಎಲ್ಲ ಒಳಗೆ. ಯಾಕೆಂದು ಕೇಳಿದ್ದಕ್ಕೆ ಅವರ ಅಜ್ಜನ ಕಾಲದ ಕ್ರಮ ಹೇಳಿದರು. ಆಗ ಸಾವಿನ ಸುದ್ದಿ ತಂದವನು ಮನೆಯ ಒಳಗೆ ಬರುತ್ತಿರಲಿಲ್ಲವಂತೆ. ಕೂರುವುದೂ ಇಲ್ಲ, ನೀರು ಕುಡಿಯುವುದೂ ಇಲ್ಲ. ಅಂಗಳದಲ್ಲಿ ನಿಂತು ಹೇಳಿ ಹಾಗೇ ತಿರುಗಿ ಹೋಗುವುದು.

‘ಅಂಗಳ್ದಲ್ ನಿಂತ್ ಹೇಳುಕೆ ಎಷ್ಟ್ ಮಾತ್ ಬೇಕ್? ಅಷ್ಟ್ರಲ್ಲೇ ಯಾರ್, ಯಾವ್ ಮನಿ ಅಂದೇಳಿ ಗೊತ್ತಾಯ್ಕ್,’ ಎಂದರು. ‘ಬರೀ ಕುಂದಾಪ್ರ ಅಂದೇಳಿ ಬರಿಬೇಡಿ. ಯಾವ ಕುಂದಾಪ್ರ? ಬೊಂಬಾಯಿಗೆ ಹೋದ್ರೆ ಬೈಂದೂರಿನವನೂ ಕುಂದಾಪ್ರದವನೇ, ಕೊಲ್ಲೂರಿನವನೂ ಕುಂದಾಪ್ರದವನೇ.’

ಕೊಲ್ಲೂರು ಎಂದಾಗ ನೆನಪಾಯಿತು. ಅಲ್ಲಿಯ ಒಂದು ಲಾಡ್ಜಿನಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದ ಒಬ್ಬರು ತೀರಿಕೊಂಡರು. ವರದಿಗಾರ ರೂಢಿಯಂತೆ ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದು ಬರೆದಿದ್ದ. ಅಕ್ಕ ಅವನಿಗೆ ಫೋನ್ ಮಾಡಿ, ಬಂಧುಗಳು ಯಾರ್ಯಾರು ಎಂದು ಕೇಳಿದರು. ಅವನು ತಡವರಿಸಿದ. ಯಾರೂ ಇರಲಿಲ್ಲ ಎಂದು ಕೊನೆಗೆ ಒಪ್ಪಿಕೊಂಡ. ಹೆಗಲು ಕೊಟ್ಟದ್ದು ಲಾಡ್ಜಿನ ಕೆಲಸದವರು, ಅತ್ತದ್ದು ಎದುರಿನ ಹೂವಿನ ಅಂಗಡಿಯ ಹೆಂಗಸು. ಅಕ್ಕ ಬರೆದರು: ‘ಲಾಡ್ಜಿನ ಒಡನಾಡಿಗಳನ್ನು ಮತ್ತು ಎದುರಿನ ಹೂವಿನಂಗಡಿಯ ಅಮ್ಮನನ್ನು ಅಗಲಿದ್ದಾರೆ.’ ಹೀಗೆಲ್ಲ ಬರೆಯುವ ಕ್ರಮ ಇಲ್ಲ ಎಂದು ನಾನು ವಾದ ಮಾಡಿದೆ. ‘ಇಲ್ದಿದ್ ಬಳಗ ಎಲ್ಲಿಂದ ತಕಂಡ್ ಬಪ್ಪುದ್?’ ಎಂದು ಕೇಳಿ ಪ್ರಕಟಿಸುವ ಗುಂಡಿ ಒತ್ತಿದರು.

ಒತ್ತಿದ ಮೇಲೆ ತಮ್ಮ ಹಳೆಯ ಫೋನ್ ಹಿಡಿದು ಹೊರಗಿನ ಜಗಲಿಗೆ ಹೋಗುವರು. ತೋಳು ಚಾಚಿ, ದೂರದಿಂದ, ಮುಖಪುಟ ಹೇಗೆ ಕಾಣುತ್ತದೆ ಎಂದು ನೋಡುವರು. ಗಲ್ಲಾದಲ್ಲಿ ಕೂತವನಿಗೆ ಕಾಣುವ ಹಾಗೆ ನಮಗೆ ಕಾಣಬೇಕು ಎನ್ನುವುದು ಅವರ ಲೆಕ್ಕ. ಈ ಗಲ್ಲಾದಲ್ಲಿ ಕೂತವನು ಯಾರೋ ಒಬ್ಬ ಓದುಗ ಎಂದು ನಾನು ತಿಳಿದಿದ್ದೆ. ಅವನು ಅವರ ತಮ್ಮ ಎಂದು ಗೊತ್ತಾದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ಅವರೇ ಹೇಳಿದಾಗ.

ತಮ್ಮ ಮುಂಬಯಿಗೆ ಹೋಗಿ ಹೋಟೆಲಿಗೆ ಸೇರಿದವನು. ಅಲ್ಲಿಯೇ ಒಬ್ಬಳನ್ನು ಕಟ್ಟಿಕೊಳ್ಳಲು ಹೊರಟ. ತಾಯಿ ಒಪ್ಪಲಿಲ್ಲ. ಅವಳ ಜೊತೆ ಹೊಸ್ತಿಲು ದಾಟಬೇಡ ಎಂದರು. ಅವನು ಒಬ್ಬನೇ ಆಗಿಯೂ ದಾಟಲಿಲ್ಲ. ಆ ಮದುವೆಯಾದರೂ ಆಯಿತೋ ಇಲ್ಲವೋ ಗೊತ್ತಾಗಲಿಲ್ಲ. ಫೋನಿನ ನಂಬರು ಬದಲಾಯಿತು, ಹೋಟೆಲು ಬದಲಾಯಿತು, ಕೇಳಿದವರೆಲ್ಲ ಅಲ್ಲಿಲ್ಲ, ಇಲ್ಲಿಲ್ಲ ಎಂದರು. ತಾಯಿ ಅವನ ಹೆಸರು ಎತ್ತುವುದನ್ನೇ ಬಿಟ್ಟರು. ಆದರೆ ಹಬ್ಬದ ದಿನ ಬಡಿಸುವಾಗ ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ ಎಂದು ಅಕ್ಕ ಹೇಳಿದರು.

‘ಅವ ನಮ್ ಸುದ್ದಿ ಓದ್ತಾ ಇಪ್ಪುದ್ ಹೌದ್,’ ಎಂದರು.

‘ನಿಮ್ಗೆ ಹ್ಯಾಂಗ್ ಗೊತ್ತ್?’

‘ಊರಿನವ ಊರಿನ ಸುದ್ದಿ ಕಾಣ್ದೆ ಇಪ್ಪನಾ? ಒಳ್ಗೆ ಬಂದ್ ಓದುವಷ್ಟ್ ತಾಳ್ಮೆ ಅವ್ನಿಗಿಲ್ಲೆ. ಹೊರ್ಗಿಂದ್ಲೇ ಕಾಂತ. ಅಬ್ಬಿಗೆ ಎಂತಾರೂ ಆದ್ರೆ ಅವ್ನಿಗೆ ಗೊತ್ತಾಪ್ದ್ ಇದ್ರಲ್ಲೇ.’

ಅಬ್ಬಿ ಅಂದರೆ ತಾಯಿ, ಕಾಂತ ಅಂದರೆ ನೋಡುತ್ತಾನೆ. ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಕೈ ತೊಳೆಯಲು ಎದ್ದರು. ಅವರಿಗೆ ಬೇಕಾಗಿದ್ದದ್ದು ಒಂದೇ: ತಾಯಿ ಹೋಗುವ ದಿನ ತಮ್ಮನಿಗೆ ಸುದ್ದಿ ಮುಟ್ಟಬೇಕು, ಅವನು ಬರಬೇಕು. ಮೂರು ತಾಲೂಕಿನ ಎಲ್ಲ ಸಾವುಗಳಿಗೂ ಊರು, ಮನೆ ಎಂದು ಅವರು ಹಟ ಹಿಡಿದದ್ದು ಆ ಒಂದು ದಿನಕ್ಕಾಗಿ.

ಹೀಗಿರುವಾಗ, ಕೊರೊನಾ ಕಳೆದ ಮೇಲೆ, ನಮ್ಮ ತಾಣದ ಹಳೆಯ ವ್ಯವಸ್ಥೆ ಹೋಗಿ ಹೊಸದು ಬಂತು. ಬ್ರಹ್ಮಾವರದ ಒಬ್ಬ ಇಂಜಿನಿಯರ್ ಬಂದು ಕೂರಿಸಿಕೊಟ್ಟರು. ಇನ್ನು ಸುದ್ದಿಯನ್ನು ಉದ್ದಕ್ಕೆ ಟೈಪ್ ಮಾಡುವುದಲ್ಲ, ಬ್ಲಾಕುಗಳಲ್ಲಿ ಜೋಡಿಸುವುದು ಎಂದರು. ಪ್ಯಾರಾ ಒಂದು ಬ್ಲಾಕ್, ಫೋಟೊ ಒಂದು ಬ್ಲಾಕ್, ಜಾಹೀರಾತು ಒಂದು ಬ್ಲಾಕ್. ಮೇಲೆ ಕೆಳಗೆ ಮಾಡಬಹುದು, ಬಣ್ಣ ಕೊಡಬಹುದು. ಎರಡು ಸಾಲನ್ನು ಯಾರೂ ಬರೆಯಬೇಕಾಗಿಲ್ಲ, ಮೊದಲು ಸಿಕ್ಕಿದ ಪ್ಯಾರಾ ಬ್ಲಾಕಿನಿಂದ ಅದೇ ತೆಗೆದುಕೊಳ್ಳುತ್ತದೆ ಎಂದು ಬಹಳ ಸಂತೋಷದಿಂದ ಹೇಳಿದರು.

ಮರುದಿನ ಬೆಳಿಗ್ಗೆ ಜಗಲಿಯಿಂದ ಅವರ ಕೂಗು ಕೇಳಿತು. ಮಾಲೀಕರ ಅಪ್ಪಣೆಯಂತೆ ಪ್ರತಿಯೊಂದು ಸುದ್ದಿಯ ನೆತ್ತಿಯ ಮೇಲೂ ‘ನಮ್ಮ ವಾಟ್ಸ್‌ಆ್ಯಪ್ ಬಳಗಕ್ಕೆ ಸೇರಲು ಇಲ್ಲಿ ಒತ್ತಿ’ ಎಂಬ ಬ್ಲಾಕ್ ಹಾಕಿದ್ದೆವು. ಯಂತ್ರಕ್ಕೆ ಮೊದಲು ಸಿಕ್ಕಿದ ಪ್ಯಾರಾ ಅದೇ. ಪಂಚಾಯತು ಸಭೆಯ ಕೆಳಗೆ ಬಳಗಕ್ಕೆ ಸೇರಿ, ದೋಣಿ ಮಗುಚಿದ್ದರ ಕೆಳಗೆ ಬಳಗಕ್ಕೆ ಸೇರಿ, ಮೂರು ಜನರ ನಿಧನದ ಕೆಳಗೂ ಬಳಗಕ್ಕೆ ಸೇರಿ.

‘ಸತ್ತರ್ ಬಳಗಕ್ಕೆ ಯಾರ್ ಸೇರ್ತ್ರ್ ಮಾರಾಯ?’

ನಾವು ನಕ್ಕೆವು. ಅಕ್ಕ ನಗಲಿಲ್ಲ. ಇಂಜಿನಿಯರಿಗೆ ಫೋನ್ ಹೋಯಿತು. ಅವರು ಆ ಬ್ಲಾಕನ್ನು ಬಿಟ್ಟು ಮುಂದೆ ಹೋಗುವ ಹಾಗೆ ಮಾಡಿಕೊಟ್ಟರು. ಆಮೇಲೆ ‘ಚಿತ್ರದಲ್ಲಿ ಎಡದಿಂದ ಬಲಕ್ಕೆ ನಿಂತವರು’ ಎಂದು ಹೊರಗೆ ಬಂತು. ಅದನ್ನು ಸರಿ ಮಾಡಿದರೆ ‘ಇದನ್ನೂ ಓದಿ’ ಬಂತು. ಪ್ರತಿ ಸಲವೂ ಅಕ್ಕ ಹಟ ಹಿಡಿದು ಆ ಸಾಲನ್ನು ಅಳಿಸಿ ತಮ್ಮದನ್ನು ಬರೆದರು. ಕೈಯಲ್ಲಿ ಬರೆದರೆ ಯಂತ್ರ ಸುಮ್ಮನಿರುತ್ತದೆ, ಖಾಲಿ ಬಿಟ್ಟರೆ ಮಾತ್ರ ತನ್ನದನ್ನು ಹಾಕುತ್ತದೆ ಎಂದು ಕಂಡುಕೊಂಡ ಮೇಲೆ ಅವರು ಒಂದು ಸುದ್ದಿಯನ್ನೂ ಖಾಲಿ ಬಿಡಲಿಲ್ಲ. ಜ್ವರ ಬಂದ ದಿನವೂ ಮನೆಯಿಂದ ಫೋನಿನಲ್ಲಿ ಹೇಳಿ ನಮ್ಮಿಂದ ಬರೆಸಿದರು. ನನಗೆ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ತಾಯಿ ತೀರಿಕೊಂಡರು. ನಾನು ತೆಕ್ಕಟ್ಟೆಗೆ ಹೋದಾಗ ಅಕ್ಕ ಹೊರಗಿನ ಜಗಲಿಯ ಕಟ್ಟೆಯ ಮೇಲೆ ಕೂತಿದ್ದರು. ಸೋದರಮಾವ ಒಬ್ಬರು ಏರು ದನಿಯಲ್ಲಿ ಹೇಳುತ್ತಿದ್ದರು, ‘ಅವ್ನ್ ಹೆಸ್ರ್ ಹಾಕುದ್ ಬೇಡ. ಬದ್ಕಿಪ್ಪತಿಗೇ ಅಕ್ಕ ಅವ್ನ್ ಹೆಸ್ರ್ ಹೇಳ್ತಿರ್ಲಿಲ್ಲೆ.’ ಅವರಿಗೆ ತೀರಿಹೋದವರು ಅಕ್ಕ. ನಮ್ಮ ಅಕ್ಕ ನನ್ನನ್ನು ಹತ್ತಿರ ಕರೆದು, ಫೋನ್ ತೆಗೆ, ಬರೆ ಎಂದರು. ಬೇಕಾದ್ದನ್ನು ಒಳಗೆ ಹಾಕು, ಹೊರಗಿನದ್ದು ನಾನು ಹೇಳುತ್ತೇನೆ ಎಂದರು. ಬಹಳ ದಿನಗಳಿಂದ ತಯಾರಾಗಿದ್ದ ಮಾತು. ಒಂದು ಕಡೆಯೂ ನಿಲ್ಲದೆ ಹೇಳಿದರು.

‘ತೆಕ್ಕಟ್ಟೆ ಗುಡ್ಡೆಮನೆಯ’ ಎಂದು ಸುರು ಮಾಡಿ ತಾಯಿಯ ಹೆಸರು. ‘ಮುಂಬಯಿಯಲ್ಲಿರುವ ಮಗ’ ಎಂದು ತಮ್ಮನ ಹೆಸರು. ಆಮೇಲೆ, ‘ಮತ್ತು ಮಗಳನ್ನು ಅಗಲಿದ್ದಾರೆ.’ ಮಗನ ಹೆಸರು ಮೊದಲು, ಮಗಳಿಗೆ ಹೆಸರೂ ಇಲ್ಲ. ಯಂತ್ರಕ್ಕೆ ಬಿಟ್ಟಿದ್ದರೆ ಮಗನ ಹೆಸರು ಬರುವ ಮೊದಲೇ ಸಾಲು ತುಂಡಾಗುತ್ತಿತ್ತು.

ಸಂಜೆಯ ತನಕ ಕಾದರು. ಇನ್ನು ಇಡುವುದಕ್ಕಾಗುವುದಿಲ್ಲ ಎಂದು ಹಿರಿಯರು ಹೇಳಿದ ಮೇಲೆ ಸರಿ ಎಂದರು. ಉತ್ತರಕ್ರಿಯೆಯ ದಿನವೂ ಗೇಟಿನ ಸದ್ದಾದಾಗಲೆಲ್ಲ ಅವರ ಕತ್ತು ಆ ಕಡೆ ತಿರುಗುವುದನ್ನು ಕಂಡೆ. ಅವನು ಬರಲಿಲ್ಲ. ಅಕ್ಕ ಮತ್ತೆ ಕಚೇರಿಗೆ ಬಂದರು, ಡಬ್ಬಿಯನ್ನು ಕಿಟಕಿಯ ದಂಡೆಯ ಮೇಲೆ ಇಟ್ಟರು, ವರದಿಗಳನ್ನು ಬಾಲದಿಂದ ಓದಿದರು. ಅವನಿಗೆ ರಜೆ ಸಿಕ್ಕಿರಲಿಕ್ಕಿಲ್ಲ ಎಂದು ಒಮ್ಮೆ ತಾವಾಗಿಯೇ ಹೇಳಿದರು. ನಾನು ಹೌದು ಎಂದೆ.

ಈ ವರ್ಷ ಬೇಸಗೆಯಲ್ಲಿ ಒಂದು ದಿನ ಕಚೇರಿಗೆ ಫೋನ್ ಬಂತು. ಎತ್ತಿದವನು ನಾನು.

‘ಹ್ವಾಯ್, ಸುದ್ದಿ ಆಫೀಸಾ? ನಾನ್ ಬೊಂಬಾಯಿಂದ ಮಾತಾಡುದ್. ಹೋದ್ ವರ್ಷ ತೆಕ್ಕಟ್ಟೆ ಗುಡ್ಡೆಮನೆ ಅಂದೇಳಿ ಒಂದ್ ಸುದ್ದಿ ಹಾಕಿದ್ರಿ ಅಲ್ದಾ? ಆ ಮನಿಯರ್ ಯಾರಾರೂ ಸಿಕ್ತ್ರಾ?’

ಅಕ್ಕ ಎದುರಿಗೇ ಕೂತಿದ್ದರು. ಏನು, ಎತ್ತ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ಫೋನನ್ನು ಅವರ ಕೈಗೆ ಕೊಟ್ಟೆ. ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದನ್ನು ನಾನು ಕಣ್ಣಾರೆ ಕಂಡೆ.

ಆ ಕಡೆಯವರು ದೊಡ್ಡ ದನಿಯವರು, ಅವರು ಹೇಳಿದ್ದೆಲ್ಲ ನನಗೂ ಕೇಳುತ್ತಿತ್ತು. ಅವರೂ ನಮ್ಮ ಕಡೆಯವರೇ. ಹೋಟೆಲಿನಲ್ಲಿ ತಮ್ಮನ ಜೊತೆ ಕೆಲಸ ಮಾಡಿ, ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. ತಮ್ಮ ಒಬ್ಬನೇ ಇದ್ದನಂತೆ. ಮದುವೆ ಆಗಿರಲಿಲ್ಲ. ಕೊರೊನಾ ಕಾಲದಲ್ಲಿ ಹೋಟೆಲು ಮುಚ್ಚಿ ಎಲ್ಲರೂ ಚೆಲ್ಲಾಪಿಲ್ಲಿಯಾದಾಗ ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದವರನ್ನು ಒಳಗೆ ಬಿಡಲಿಲ್ಲ. ಆಮೇಲೆ ಜೀವ ಹೋಗಿದೆ ಎಂದು ಹೇಳಿದರು. ಯಾರಿಗೆ ತಿಳಿಸುವುದು? ಊರು ಯಾವುದು ಎಂದು ಕೇಳಿದರೆ ಅವನು ಯಾವಾಗಲೂ ಹೇಳಿದ್ದು ಕುಂದಾಪುರ ಎಂದು. ಖುಷಿಯಲ್ಲಿದ್ದಾಗ ಗುಡ್ಡೆಮನೆ, ಗುಡ್ಡೆಮನೆ ಎನ್ನುತ್ತಿದ್ದ, ಆ ಗುಡ್ಡೆಮನೆ ಎಲ್ಲಿಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಹೋದ ವರ್ಷ ನಮ್ಮ ಮುಖಪುಟದಲ್ಲಿ ಆ ಮನೆಯ ಹೆಸರು, ಇವನ ಹೆಸರು ಒಟ್ಟಿಗೆ ಕಂಡವಂತೆ. ಮಗ ಇದ್ದಾನೆ ಎಂದು ಬರೆದ ಮನೆಗೆ ಇಲ್ಲ ಎಂದು ಹೇಗೆ ಹೇಳುವುದು? ಇಷ್ಟು ದಿನ ಅದಕ್ಕೇ ಹಿಂದೆಮುಂದೆ ನೋಡಿದರಂತೆ.

ಅಕ್ಕ ಎದ್ದು ನಿಂತಿದ್ದರು. ಇನ್ನೊಂದು ಕೈ ಮೇಜನ್ನು ಹಿಡಿದಿತ್ತು. ಒಂದೇ ಒಂದು ಪ್ರಶ್ನೆ ಕೇಳಿದರು.

‘ಅವ ನಮ್ ಸುದ್ದಿ ಕಾಂತಿದ್ನಾ?’

‘ಕಾಂತಿದ್ನಾ ಅಂದ್ರೆ? ಬೆಳಿಗ್ಗೆ ಎದ್ದ್ ಚಾ ಕುಡಿಯುಕೂ ಮೊದ್ಲ್ ಅದೇ. ಒಳ್ಗೆ ಒಂದೂ ಓದ್ತಿರ್ಲಿಲ್ಲೆ, ಹೊರ್ಗಿಂದೇ ಎಲ್ಲ ಓದಿ ನಮ್ಗೆ ಹೇಳುದ್. ನನ್ ಫೋನಿಗೂ ಅವ್ನೇ ಹಾಕಿ ಕೊಟ್ಟದ್. ಈ ಎರಡ್ ಸಾಲ್ ಬರೆಯುದ್ ಯಾರೋ, ಒಳ್ಳೆ ಜನ ಅಂದೇಳಿ ಹೇಳ್ತಿದ್ದ.’

ಅಕ್ಕ ಫೋನ್ ಇಟ್ಟರು. ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು, ಅವನು ಓದುತ್ತಿದ್ದ. ಅಕ್ಕ ಬರೆದದ್ದನ್ನು ದಿನಾ ಬೆಳಿಗ್ಗೆ ಓದುತ್ತಿದ್ದ, ಬರೆದವಳು ಯಾರೆಂದು ತಿಳಿಯದೆಯೇ ಹೋದ. ಬ್ರಹ್ಮಾವರದ ಇಂಜಿನಿಯರ್ ಬಂದು ಯಂತ್ರ ಕೂರಿಸುವ ಹೊತ್ತಿಗೆ ಅವನು ಇರಲಿಲ್ಲ. ಯಂತ್ರದ ಜೊತೆ ಅಕ್ಕ ಜಗಳ ಮಾಡಿದ ಅಷ್ಟು ದಿನವೂ ಆ ಕಡೆ ಯಾರೂ ಇರಲಿಲ್ಲ. ಇದೆಲ್ಲ ನನಗೆ ಅಲ್ಲಿ ನಿಂತಲ್ಲೇ ಹೊಳೆಯಿತು. ಅವರಿಗೆ ನನಗಿಂತ ಮೊದಲೇ ಹೊಳೆದಿರಬೇಕು.

ಮನೆಗೆ ಬಿಟ್ಟುಬರುತ್ತೇನೆ ಏಳಿ ಎಂದೆ. ಅವರು ಕೈ ಅಡ್ಡ ಮಾಡಿ ಕಂಪ್ಯೂಟರಿನ ಕಡೆ ತಿರುಗಿದರು. ಹೊಸ ಸುದ್ದಿಯ ಪುಟ ತೆರೆದರು. ಒಳಗೆ ಒಂದೇ ಬ್ಲಾಕ್, ನಾಲ್ಕು ಮಾತು. ಆಮೇಲೆ ಹೊರಗಿನ ಎರಡು ಸಾಲಿನ ಜಾಗಕ್ಕೆ ಬಂದು, ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಬರೆದರು. ತೆಕ್ಕಟ್ಟೆ ಗುಡ್ಡೆಮನೆಯವನು, ಹೆಸರು, ಮುಂಬಯಿಯಲ್ಲಿ ನಿಧನ. ಕೆಳಗಿನ ಸಾಲಿನಲ್ಲಿ ಎರಡೇ ಪದ ಇದ್ದವು.

‘ಅಕ್ಕನನ್ನು ಅಗಲಿದ್ದಾರೆ.’

ಏನಾದರೂ ಹೇಳಬೇಕಲ್ಲ ಎಂದು ನನ್ನ ಬಾಯಿಂದ ಮೂರ್ಖ ಮಾತೊಂದು ಹೊರಟಿತು. ‘ಅಕ್ಕ, ಇಷ್ಟ್ ವರ್ಷ ಆಯ್ತಲ್ದಾ. ಇವತ್ತಿನ ಸುದ್ದಿ ಒಟ್ಟಿಗೆ ಹಾಕುದಾ?’

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ಪರದೆಯನ್ನೇ ನೋಡುತ್ತ ಹೇಳಿದರು.

‘ನಂಗೆ ಅವ ಇವತ್ತೇ ಸತ್ತದ್ ಮಾರಾಯ. ಇವತ್ತಿನ ಸುದ್ದಿಯೇ ಇದ್.’

ಗುಂಡಿ ಒತ್ತಿ, ಫೋನ್ ಹಿಡಿದುಕೊಂಡು ಜಗಲಿಗೆ ಹೋದರು. ತೋಳು ಚಾಚಿ ದೂರದಿಂದ ನೋಡುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು. ನಾನು ಹೊರಗೆ ಹೋಗಲಿಲ್ಲ.